ಗಾವಠಿ ಕೊತ್ತಂಬರಿ, ಗ್ರಾಮ್ಯ ಕನ್ನಡ

ಮುಂಬಯಿಯ ತರಕಾರಿ ಮಾರುಕಟ್ಟೆಗಳಲ್ಲಿ ‘ಗಾವಠಿ’, ಅಂದರೆ ಹಳ್ಳಿಯದು, ಎಂಬ ಮರಾಠಿ ಮಾತಿಗೆ ಒಳ್ಳೆಯ ಬೆಲೆಯಿದೆ. ದಾದರ್‌ನಲ್ಲಾಗಲಿ ಮಾಟುಂಗದಲ್ಲಾಗಲಿ ಸೊಪ್ಪು ಮಾರುವಾಕೆ ತನ್ನ ಬುಟ್ಟಿಯ ಕೊತ್ತಂಬರಿ ಗಾವಠಿ ಎಂದಳೆಂದರೆ, ಅದು ಸಣ್ಣೆಲೆಯ, ಗಿಡ್ಡ ದಂಟಿನ, ಕಟ್ಟು ಬಿಚ್ಚಿದೊಡನೆ ಘಮ್ಮೆನ್ನುವ ಸೊಪ್ಪು ಎಂದೇ ಅರ್ಥ. ಗಾವಠಿ ಕೋಳಿ, ಗಾವಠಿ ಮೊಟ್ಟೆ, ಗಾವಠಿ ತುಪ್ಪ ಎಂದು ಬರೆದ ಹಲಗೆಯ ಮುಂದೆ ನಿಲ್ಲುವ ಗಿರಾಕಿ, ಫಾರಂ ಮೊಟ್ಟೆಗಿಂತ ಹೆಚ್ಚು ದುಡ್ಡು ತೆರಬೇಕೆಂದು ಗೊತ್ತಿದ್ದೇ ಅಲ್ಲಿಗೆ ಬಂದಿರುತ್ತಾನೆ. ಅದೇ ಗಿರಾಕಿ ಕಚೇರಿಗೆ ಹೋಗಿ ಸಹೋದ್ಯೋಗಿಯ ಅಂಗಿಯ ಬಣ್ಣವನ್ನೋ, ಇನ್ನೊಬ್ಬಳು ಫೋನಿನಲ್ಲಿ ಗಟ್ಟಿಯಾಗಿ ಮಾತನಾಡುವ ರೀತಿಯನ್ನೋ ಕುರಿತು ‘ಅಗದೀ ಗಾವಠಿ’ ಎಂದಾಗ ಅದೇ ಮಾತು ಕೀಳಿನ ಮಾತಾಗುತ್ತದೆ. ಸೊಪ್ಪಿಗೆ ಮೆಚ್ಚುಗೆಯಾಗಿದ್ದುದು ಮನುಷ್ಯನಿಗೆ ಹೀಯಾಳಿಕೆಯಾಗುತ್ತದೆ. ಇಲ್ಲಿ ಒಂದನ್ನು ಬೇರೆಯಾಗಿಯೇ ಇಡಬೇಕು: ಇಲ್ಲಿನ ಮನೆಗಳಲ್ಲಿ ಕುದಿಸುವ ‘ಗವತಿ ಚಹಾ’ಕ್ಕೂ ಗಾವಠಿಗೂ ಸಂಬಂಧವಿಲ್ಲ, ಅದು ‘ಗವತ್’, ಅಂದರೆ ಹುಲ್ಲಿನಿಂದ ಬಂದದ್ದು, ನಾವು ಮಜ್ಜಿಗೆಹುಲ್ಲು ಎನ್ನುವ ಗಿಡ.

ಕನ್ನಡದಲ್ಲಿ ಇದಕ್ಕೆ ಸರಿಸಾಟಿಯಾದ ಮಾತು ‘ಗ್ರಾಮ್ಯ’. ‘ಗ್ರಾಮ’ದಿಂದಲೇ ಮರಾಠಿಯ ‘ಗಾಂವ್’ ಬಂದದ್ದರಿಂದ ಇವೆರಡೂ ಒಂದೇ ಬೇರಿನವು. ವ್ಯತ್ಯಾಸವಿಷ್ಟೇ: ಗಾವಠಿ ಬೀದಿಯಲ್ಲಿ ಓಡಾಡುತ್ತದೆ, ಗ್ರಾಮ್ಯ ಪುಸ್ತಕದಲ್ಲಿ ಕುಳಿತಿರುತ್ತದೆ. ಗ್ರಾಮ್ಯ ಪ್ರಯೋಗ, ಗ್ರಾಮ್ಯ ರೂಪ, ಗ್ರಾಮ್ಯ ಶೈಲಿ ಎನ್ನುವವರು ಸಾಮಾನ್ಯವಾಗಿ ಓದಿಕೊಂಡವರು, ತಿದ್ದುವ ಅಧಿಕಾರವುಳ್ಳವರು. ಈ ಊರಿನ ಕನ್ನಡ ಸಂಘಸಂಸ್ಥೆಗಳ ಪತ್ರಿಕೆ ಮತ್ತು ಸ್ಮರಣ ಸಂಚಿಕೆಗಳ ಕರಡು ತಿದ್ದುವ ಕೆಲಸದಲ್ಲಿ ಬಹುಕಾಲದಿಂದ ತೊಡಗಿರುವ ನನಗೆ, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದ ‘ಗ್ರಾಮ್ಯ’ ಎಂಬ ಟಿಪ್ಪಣಿ ದಿನನಿತ್ಯದ ನೋಟ. ಸೊಗಸಿಲ್ಲದ್ದನ್ನು ಸೊಗಸಿಲ್ಲ ಎನ್ನುವುದಕ್ಕೆ ಒಂದು ಮಾತು ಬೇಕೇ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಆ ಕೆಲಸಕ್ಕೆ ಊರನ್ನೂ ಊರವರನ್ನೂ ಹೆಸರಿಸುವ ಮಾತನ್ನು ಬಳಸುತ್ತ ಬಂದದ್ದರಿಂದ ನಾವು ನಿಜವಾದ ಸೊಗಸುಗೇಡನ್ನು ಗುರುತಿಸುವ ಕಣ್ಣನ್ನೇ ಕಳೆದುಕೊಳ್ಳುತ್ತಿದ್ದೇವೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮುಂಬಯಿ ಕನ್ನಡಿಗರು ಒಂದೇ ಸೀಮೆಯವರಲ್ಲ. ಕರಾವಳಿಯಿಂದ ಹೋಟೆಲು, ಬ್ಯಾಂಕು, ಮೀನುಗಾರಿಕೆಯ ದಾರಿ ಹಿಡಿದು ಬಂದವರು, ವಿಜಯಪುರ ಕಲಬುರಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಮೈಸೂರು ಸೀಮೆಯಿಂದ ಸರಕಾರಿ ಮತ್ತು ಕಂಪನಿ ನೌಕರಿಗೆ ಬಂದು ಮಾಟುಂಗದ ಸುತ್ತ ನೆಲೆಸಿದವರು ಒಂದೇ ಲೋಕಲ್ ಗಾಡಿಯಲ್ಲಿ ಮೂರು ಬಗೆಯ ಕನ್ನಡ ಮಾತನಾಡುತ್ತಾರೆ. ಗಾವಠಿ ಕೋಳಿಯನ್ನು ಇವರಲ್ಲಿ ಒಬ್ಬರು ‘ಊರ ಕೋಳಿ’ ಎಂದರೆ ಇನ್ನೊಬ್ಬರು ‘ಜವಾರಿ ಕೋಳಿ’, ಮತ್ತೊಬ್ಬರು ‘ನಾಟಿ ಕೋಳಿ’ ಎನ್ನುತ್ತಾರೆ. ಇವುಗಳಲ್ಲಿ ‘ಊರು’ ಎಂಬ ಮಾತು ನನಗೆ ಬಹಳ ಇಷ್ಟ, ಏಕೆಂದರೆ ಅದು ಹಳ್ಳಿಗೂ ಪಟ್ಟಣಕ್ಕೂ ಭೇದವಿಲ್ಲದೆ ಸಲ್ಲುತ್ತದೆ. ‘ಹಳ್ಳಿಗುಗ್ಗು’, ‘ಹಳ್ಳಿಮುಕ್ಕ’ ಎಂಬ ಬೈಗುಳಗಳಿವೆ. ‘ಊರು’ ಸೇರಿಸಿ ಹಾಗೆ ಯಾರೂ ಬೈಯುವುದಿಲ್ಲ. ಮೇ ತಿಂಗಳಲ್ಲಿ ‘ಊರಿಗೆ ಹೊರಟೆವು’ ಎನ್ನುವ ಮುಂಬಯಿ ಕನ್ನಡಿಗನ ದನಿಯಲ್ಲಿ ನಾಚಿಕೆಯಿಲ್ಲ. ‘ಜವಾರಿ’ಯದು ಇನ್ನೂ ಒಂದು ಹೆಜ್ಜೆ ಮುಂದಿನ ಮಾತು. ಹೈಬ್ರಿಡ್ ಬೀಜ ಬಂದ ಮೇಲೆ ಜವಾರಿ ಬದನೆಕಾಯಿ, ಜವಾರಿ ಸೌತೆಕಾಯಿಗಳಿಗೆ ಸಿಕ್ಕ ಗೌರವ ಮೆಲ್ಲನೆ ಮಾತಿಗೂ ಮನುಷ್ಯರಿಗೂ ಹಬ್ಬಿತು. ಇಂದು ಉತ್ತರ ಕರ್ನಾಟಕದವರು ‘ನಮ್ದು ಜವಾರಿ ಭಾಷಾರೀ’ ಎನ್ನುವಾಗ ತಲೆ ತಗ್ಗಿಸುವುದಿಲ್ಲ, ಎದೆಯುಬ್ಬಿಸಿಯೇ ಹೇಳುತ್ತಾರೆ.

ಆದರೆ ಈ ಮಹಾನಗರದಲ್ಲಿ ಸೊಗಸುಗೇಡಿಗೆ ಬಳಸುವ ಮಾತುಗಳನ್ನು ಒಂದೆಡೆ ಇಟ್ಟು ನೋಡಿದರೆ ಅವುಗಳ ಹುಟ್ಟು ಕಾಣುತ್ತದೆ. ‘ಗಾವಂಢಳ್’ ಹಳ್ಳಿಯವನು. ‘ಘಾಟಿ’ ಘಟ್ಟದ ಮೇಲಿನವನು, ಅಂದರೆ ಸಹ್ಯಾದ್ರಿಯ ಆಚೆಯ ದಖ್ಖನಿನಿಂದ ಕೂಲಿನಾಲಿಗೆಂದು ಇಳಿದು ಬಂದವನು. ನಮ್ಮ ಕರಾವಳಿಯಲ್ಲೂ ‘ಘಟ್ಟದವರು’ ಎಂಬ ಮಾತಿಗೆ ಇದೇ ಎಳೆಯ ಒಂದು ಮೆಲು ತಿರಸ್ಕಾರವಿದೆ. ಕಡಲಿನ ಬದಿಯಲ್ಲಿ ನಿಂತು ಬೆಟ್ಟವನ್ನು ನೋಡುವವರಿಗೆ ಕೊಂಕಣದ ಎರಡು ತುದಿಗಳಲ್ಲೂ ಒಂದೇ ಬಗೆಯ ಮಾತು ಹೊಳೆದಿದೆ. ಈಚಿನ ಹುಡುಗರ ಬಾಯಲ್ಲಿ ‘ಚಪ್ರಿ’ ಎಂಬುದು ಓಡಾಡುತ್ತಿದೆ. ಕೂದಲಿಗೆ ಬಣ್ಣ ಹಚ್ಚಿ, ಬೈಕಿನ ಮೇಲೆ ಕಸರತ್ತು ಮಾಡಿ, ಅದನ್ನು ಮೊಬೈಲಿನಲ್ಲಿ ಹಾಕುವ ಬಡ ಬಡಾವಣೆಯ ಹುಡುಗರನ್ನು ಹಾಗೆ ಕರೆಯುತ್ತಾರೆ. ಇದನ್ನು ಛಪ್ಪರ ಕಟ್ಟುವುದನ್ನೇ ಕುಲಕಸುಬು ಮಾಡಿಕೊಂಡಿದ್ದ ಛಪ್ಪರಬಂದ್ ಸಮುದಾಯದ ಹೆಸರಿನೊಡನೆ ಹಲವರು ಜೋಡಿಸುತ್ತಾರೆ. ಮಹಾರಾಷ್ಟ್ರದಲ್ಲೂ ನಮ್ಮ ವಿಜಯಪುರದ ಕಡೆಯಲ್ಲೂ ಇರುವ ಜನ ಅವರು. ಕನ್ನಡದಲ್ಲಿ ಚಪ್ಪರ ಮದುವೆಯ ಮನೆಯ ಶುಭಲಕ್ಷಣ; ಹಸಿರು ಚಪ್ಪರವಿಲ್ಲದೆ ಮಂಗಳ ಕಾರ್ಯವಿಲ್ಲ. ಮನೆಯಲ್ಲಿ ಕನ್ನಡ ಕೇಳಿ ಬೆಳೆದ ನಮ್ಮ ಮಕ್ಕಳೂ ಈ ಮಾತನ್ನು ಸಲೀಸಾಗಿ ಆಡುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ.

ವಿಚಿತ್ರವೆಂದರೆ ಗಾವಠಿ ಎಂದು ಹಳಿಯುವ ಮುಂಬಯಿ ಸ್ವತಃ ಗಾಂವ್‌ಗಳನ್ನು ಪೋಣಿಸಿದ ಊರು. ಗಿರಗಾಂವ್, ಮಾಝಗಾಂವ್, ನಾಯಗಾಂವ್, ಗೋರೆಗಾಂವ್ ಎಂದು ನಿಲ್ದಾಣಗಳೂ ಬಡಾವಣೆಗಳೂ ತಮ್ಮ ಹಳ್ಳಿತನವನ್ನು ಹೆಸರಿನಲ್ಲೇ ಹೊತ್ತಿವೆ. ಹಳೆಯ ಊರಿನ ನಿವೇಶನಗಳನ್ನು ಇಲ್ಲಿ ಇಂದಿಗೂ ‘ಗಾವಠಾಣ’ ಎಂದೇ ಕರೆಯುತ್ತಾರೆ, ಕಂದಾಯದ ದಾಖಲೆಗಳಲ್ಲೂ ಅದೇ ಹೆಸರು. ಬಾಂದ್ರಾದ ಹಳೆಯ ಹಳ್ಳಿ ರಣವಾರ್, ವರಳಿಯ ಬೆಸ್ತರ ಕೇರಿ ಕೋಳಿವಾಡಾಗಳಲ್ಲಿ ನಡೆದಾಡಿದವರಿಗೆ ನಗರದ ಹೊಟ್ಟೆಯಲ್ಲಿ ಹಳ್ಳಿ ಇನ್ನೂ ಉಸಿರಾಡುವುದು ತಿಳಿಯುತ್ತದೆ.

‘ಗ್ರಾಮ್ಯ’ಕ್ಕೆ ಮರಳೋಣ, ಏಕೆಂದರೆ ಅದರ ಚರಿತ್ರೆ ಗಾವಠಿಗಿಂತ ಉದ್ದವಾದದ್ದು, ಮತ್ತು ಇಂದಿನ ತಿದ್ದುಗಾರರು ಆ ಚರಿತ್ರೆಯ ಬಲದ ಮೇಲೆಯೇ ಮಾತನಾಡುತ್ತಾರೆ. ವೈದಿಕ ಸಾಹಿತ್ಯದಲ್ಲಿ ಪಶುಗಳನ್ನು ಗ್ರಾಮ್ಯ ಮತ್ತು ಆರಣ್ಯ ಎಂದು ವಿಂಗಡಿಸಿದ್ದಾರೆ. ಹಸು, ಕುರಿ, ಮೇಕೆಗಳಂತೆ ಮನುಷ್ಯರ ಜೊತೆ ಬಾಳುವಂಥವು ಗ್ರಾಮ್ಯ, ಕಾಡಿನವು ಆರಣ್ಯ. ಅಲ್ಲಿ ಗ್ರಾಮ್ಯ ಎಂದರೆ ಪಳಗಿದ್ದು, ನೆಲೆನಿಂತದ್ದು, ಮನೆಗೆ ಸೇರಿದ್ದು. ಸಂಗೀತಶಾಸ್ತ್ರದಲ್ಲಿ ಷಡ್ಜಗ್ರಾಮ, ಮಧ್ಯಮಗ್ರಾಮ ಎಂದಾಗ ಗ್ರಾಮವೆಂದರೆ ಹೊಂದಿ ನಿಂತ ಸ್ವರಗಳ ಸಮೂಹ. ಇಷ್ಟು ಮರ್ಯಾದೆಯ ಮಾತು ಕಾವ್ಯಮೀಮಾಂಸೆಗೆ ಬರುವಷ್ಟರಲ್ಲಿ ದೋಷದ ಪಟ್ಟಿಗೆ ಸೇರಿತು. ಕಾಡಿಗೆ ಎದುರಾಗಿ ನಿಂತಾಗ ಊರು ನಾಗರಿಕವಾಗಿತ್ತು. ನಗರ ಎದುರಾದೊಡನೆ ಅದೇ ಊರು ಒರಟಾಯಿತು. ಊರು ಇದ್ದಲ್ಲೇ ಇತ್ತು, ನೋಡುವವರು ಜಾಗ ಬದಲಿಸಿದರು.

ಕಂಚಿಯ ದಂಡಿ ತನ್ನ ಕಾವ್ಯಾದರ್ಶದಲ್ಲಿ ಗ್ರಾಮ್ಯತೆಯನ್ನು ಮಾಧುರ್ಯದ ಮಾತು ಬಂದಲ್ಲಿ ವಿವರಿಸುತ್ತಾನೆ. ‘ಕನ್ಯೆ, ನಿನ್ನನ್ನು ಬಯಸುವ ನನ್ನನ್ನು ನೀನು ಏಕೆ ಬಯಸುವುದಿಲ್ಲ’ ಎಂದು ನೇರವಾಗಿ ಕೇಳುವುದು ಗ್ರಾಮ್ಯ. ಗಮನಿಸಬೇಕಾದದ್ದೆಂದರೆ ಇಲ್ಲಿ ಒಂದು ಪದವೂ ಹಳ್ಳಿಯದಲ್ಲ. ಎಲ್ಲವೂ ಶುದ್ಧ ಸಂಸ್ಕೃತ. ದಂಡಿಗೆ ಒಪ್ಪಿಗೆಯಾಗದಿರುವುದು ಆ ಮಾತಿನ ಬೋಳುತನ, ಸುತ್ತುಬಳಸಿಲ್ಲದ ನೇರತನ. ಇಲ್ಲಿಯವರೆಗೆ ಅವನ ಮಾತನ್ನು ಒಪ್ಪಬಹುದು, ಏಕೆಂದರೆ ಅದು ಹೇಳುವ ರೀತಿಯ ವಿಮರ್ಶೆ, ಹೇಳಿದವರ ಊರಿನ ವಿಮರ್ಶೆಯಲ್ಲ. ಆದರೆ ಅದೇ ಭಾವವನ್ನು ಗ್ರಾಮ್ಯವಲ್ಲದಂತೆ ಹೇಳುವುದು ಹೇಗೆಂದು ಅವನು ಕೊಡುವ ಮಾದರಿಯಲ್ಲಿ, ಮನ್ಮಥನೆಂಬ ಚಂಡಾಲ ನನ್ನ ಮೇಲೆ ನಿರ್ದಯನಾಗಿದ್ದಾನೆ, ಪುಣ್ಯಕ್ಕೆ ನಿನ್ನ ಮೇಲೆ ಅವನಿಗೆ ಹಗೆಯಿಲ್ಲ ಎಂಬ ಮಾತು ಬರುತ್ತದೆ. ಊರ ಹೊರಗೆ ದೂಡಿದ ಒಂದು ಜನಸಮುದಾಯದ ಹೆಸರು ಬೈಗುಳವಾಗಿ ಬಂದ ವಾಕ್ಯ ಇಲ್ಲಿ ನಯಗಾರಿಕೆಗೆ ಮಾದರಿ. ಒಬ್ಬ ಪ್ರೇಮಿಯ ನೇರವಾದ ಪ್ರಶ್ನೆ ಒರಟುತನಕ್ಕೆ ಮಾದರಿ. ಈ ಎರಡು ಶ್ಲೋಕಗಳನ್ನು ಅಕ್ಕಪಕ್ಕದಲ್ಲಿ ಓದಿದಾಗಲೆಲ್ಲ, ಆ ಮೊದಲನೆಯ ಪ್ರಶ್ನೆಯ ಪರವಾಗಿಯೇ ನನ್ನ ಮನಸ್ಸು ನಿಲ್ಲುತ್ತದೆ.

ಕಾಶ್ಮೀರದ ವಾಮನನಲ್ಲಿ ಗ್ರಾಮ್ಯ ಎಂಬುದು ಪದಕ್ಕೆ ಅಂಟುತ್ತದೆ. ಬರೀ ಲೋಕದಲ್ಲಿ ಬಳಕೆಯಾಗುವ, ಶಾಸ್ತ್ರದಲ್ಲಿ ಬಳಕೆಯಾಗದ ಪದವೇ ಗ್ರಾಮ್ಯ ಎಂಬುದು ಅವನ ಲಕ್ಷಣ. ಜನ ಆಡುತ್ತಾರೆ ಎಂಬುದೇ ಇಲ್ಲಿ ಪದದ ತಪ್ಪು. ಹನ್ನೊಂದನೆಯ ಶತಮಾನದ ಮಮ್ಮಟ ಕಾವ್ಯಪ್ರಕಾಶದಲ್ಲಿ ಇದಕ್ಕೆ ಕೊಡುವ ಉದಾಹರಣೆ ಕನ್ನಡದವರನ್ನು ಬೆಚ್ಚಿಬೀಳಿಸುವಂಥದ್ದು: ಅವನಿಗೆ ಗ್ರಾಮ್ಯವಾಗಿ ಕಂಡ ಪದ ‘ಕಟಿ’. ಸೊಂಟಕ್ಕೆ ಕಟಿ ಎನ್ನುವುದು ಆ ಕಾಲದ ಸಂಸ್ಕೃತ ಪಂಡಿತರ ಕಿವಿಗೆ ಬೀದಿಯ ಮಾತು. ನಮ್ಮಲ್ಲಿ ಇಂದು ‘ಕಟಿ’ ಎಂದು ಬರೆದರೆ ಅದು ಬಿಗಿಯಾದ, ಪಾಂಡಿತ್ಯದ ಪದ. ‘ಸೊಂಟ’ ಎಂದು ಬರೆದರೆ ಕೆಲವರಿಗೆ ಅದು ಹಗುರವೆನಿಸಿ ‘ಕಟಿಪ್ರದೇಶ’ ಎಂದು ತಿದ್ದುತ್ತಾರೆ. ಒಬ್ಬರ ಗ್ರಾಮ್ಯ ಇನ್ನೊಬ್ಬರ ಗ್ರಾಂಥಿಕವಾದ ಮೇಲೆ, ಆ ದೋಷ ಪದದ ಒಡಲಿನಲ್ಲೇ ಇತ್ತು ಎಂದು ಹೇಗೆ ನಂಬುವುದು? ಅಂದಹಾಗೆ ಮಮ್ಮಟ ಅಶ್ಲೀಲವನ್ನು ಬೇರೆಯೇ ದೋಷವಾಗಿ ಎಣಿಸಿದ್ದಾನೆ. ನಾಚಿಕೆ, ಹೇಸಿಗೆ, ಅಮಂಗಳ ಹುಟ್ಟಿಸುವ ಮಾತು ಅಶ್ಲೀಲ, ಗ್ರಾಮ್ಯ ಅದಲ್ಲ. ಇಂದು ಹೊಲಸು ಬೈಗುಳಕ್ಕೆ ‘ಗ್ರಾಮ್ಯ ಭಾಷೆ’ ಎಂದು ಬರೆಯುವವರು ಹಳೆಯ ಲಾಕ್ಷಣಿಕರು ಬೇರೆಯಾಗಿಟ್ಟದ್ದನ್ನೂ ಬೆರೆಸಿಬಿಡುತ್ತಾರೆ.

ಕನ್ನಡದ ಮೊದಲ ಲಕ್ಷಣಗ್ರಂಥವಾದ ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ದಂಡಿಯಿಂದ ಬಹಳಷ್ಟನ್ನು ಪಡೆದದ್ದು ನಿಜ. ಆದರೂ ಅದರ ಮನಸ್ಸು ಬೇರೆಯಾಗಿದೆ. ಕಾವೇರಿಯಿಂದ ಗೋದಾವರಿಯವರೆಗೆ ಎಂದು ನಾಡನ್ನು ಗುರುತಿಸುವ ಈ ಕೃತಿಯನ್ನು ಗೋದಾವರಿ ಹುಟ್ಟುವ ಮಹಾರಾಷ್ಟ್ರದ ನೆಲದಲ್ಲಿ ಕುಳಿತು ಓದುವಾಗ ನಮ್ಮಂಥವರಿಗೆ ಆಗುವ ಸಂತೋಷವನ್ನು ಬೇರೆ ಹೇಳಬೇಕಿಲ್ಲ. ಆ ನಾಡವರು ‘ಕುಱಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’, ಅಂದರೆ ಉದ್ದೇಶಪಟ್ಟು ಓದದೆಯೂ ಕಾವ್ಯದ ಬಳಕೆಯಲ್ಲಿ ಪಳಗಿದ ಬುದ್ಧಿಯುಳ್ಳವರು ಎಂದು ಅದು ಹೇಳುತ್ತದೆ. ವಾಮನನ ಲಕ್ಷಣದ ಪಕ್ಕದಲ್ಲಿ ಈ ಮಾತನ್ನು ಇಟ್ಟು ನೋಡಬೇಕು. ಅಲ್ಲಿ ಓದದ ಲೋಕದ ಮಾತೇ ದೋಷ. ಇಲ್ಲಿ ಓದದ ಲೋಕಕ್ಕೇ ಕಾವ್ಯದ ಪರಿಣತಿ. ಹಾಗಾದರೆ ಈ ಗ್ರಂಥಕ್ಕೆ ಏನು ಸಹಿಸದು? ಸಂಸ್ಕೃತವನ್ನೂ ಕನ್ನಡವನ್ನೂ ವಿವೇಚನೆಯಿಲ್ಲದೆ ಸಮಾಸದಲ್ಲಿ ಬೆಸೆಯುವುದು ಸಹಿಸದು. ಅದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದ ಹಾಗೆ ವಿರಸ ಎನ್ನುತ್ತದೆ. ಹಾಲೂ ಕೆಟ್ಟದ್ದಲ್ಲ, ಮಜ್ಜಿಗೆಯೂ ಕೆಟ್ಟದ್ದಲ್ಲ. ಕೂಡದಿರುವುದು ಕೂಡಿದ್ದೇ ಕೇಡು. ಸೊಗಸುಗೇಡಿಗೆ ಕನ್ನಡ ಕೊಟ್ಟ ಮೊದಮೊದಲ ವಿವರಣೆಗಳಲ್ಲಿ ಒಂದಾದ ಇದರಲ್ಲಿ ಹಳ್ಳಿಯ ಹೆಸರೇ ಇಲ್ಲ. ಮುಂದೆ 941ರಲ್ಲಿ ಪಂಪ ತನ್ನ ಭಾರತದಲ್ಲಿ ಕಾವ್ಯ ದೇಸಿಯೊಳಗೆ, ಅಂದರೆ ನೆಲದ ನುಡಿಯ ಬಗೆಯೊಳಗೆ, ಹೊಗಬೇಕು, ಹೊಕ್ಕು ಮಾರ್ಗದಲ್ಲಿ, ಅಂದರೆ ಶಾಸ್ತ್ರೀಯ ಕಾವ್ಯದ ಹಾದಿಯಲ್ಲಿ, ಸೇರಬೇಕು ಎಂದಾಗ, ದೇಸಿ ತಿದ್ದಬೇಕಾದ ವಸ್ತುವಾಗಿರಲಿಲ್ಲ, ಮೊದಲು ಹಾಯಬೇಕಾದ ಬಾಗಿಲಾಗಿತ್ತು.

ಇಷ್ಟು ಗಟ್ಟಿಯಾದ ಪರಂಪರೆ ಇದ್ದೂ ಶಾಲೆಯ ಪಾಠದಲ್ಲಿ ನಮಗೆ ಸಿಕ್ಕಿದ್ದು ಒಂದು ಪ್ರಶ್ನೆ: ‘ಈ ಗ್ರಾಮ್ಯ ಪದಗಳ ಗ್ರಾಂಥಿಕ ರೂಪ ಬರೆಯಿರಿ.’ ಒಂದು ಕಡೆ ಇಸ್ಕೂಲು, ಎಲ್ಡು, ವಸಿ. ಇನ್ನೊಂದು ಕಡೆ ಶಾಲೆ, ಎರಡು, ಸ್ವಲ್ಪ. ಬರಹಕ್ಕೆ ಒಂದು ಸಾಮಾನ್ಯ ರೂಪ ಇರಬೇಕು ಎಂಬುದನ್ನು ಕಲಿಸುವುದು ಅಗತ್ಯ; ಬೀದರಿನವರೂ ಚಾಮರಾಜನಗರದವರೂ ಒಂದೇ ಪತ್ರಿಕೆ ಓದಬೇಕಾದರೆ ಅದಿಲ್ಲದೆ ಆಗದು. ಆದರೆ ಎರಡು ಕಡೆಗೂ ಹೆಸರಿಡುವಾಗ ಒಂದನ್ನು ಗ್ರಂಥಕ್ಕೂ ಇನ್ನೊಂದನ್ನು ಹಳ್ಳಿಗೂ ಹಂಚಿಬಿಟ್ಟದ್ದರಿಂದ, ಮಗು ತನ್ನ ಅಜ್ಜಿಯ ಮಾತೇ ತಪ್ಪುತ್ತರದ ಸಾಲಿನಲ್ಲಿ ನಿಂತದ್ದನ್ನು ಕಾಣುತ್ತದೆ. ‘ಆಡುಮಾತು’ ಎಂಬ ಚೆಂದದ ಪದ ಕೈಯಲ್ಲೇ ಇತ್ತು. ಅದನ್ನೇ ಬಳಸಬಹುದಿತ್ತು.

ಮುಂಬಯಿಯ ತುಳುವರದು ಇದಕ್ಕೆ ತಿರುವುಮುರುವಾದ ಅನುಭವ. ಅವರಲ್ಲಿ ಬಹಳ ಮಂದಿಗೆ ಕನ್ನಡ ಮನೆಮಾತಲ್ಲ, ಶಾಲೆಯ ಮಾತು. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರ ಒಂದು ತಲೆಮಾರೇ ಇಲ್ಲಿತ್ತು. ಪಾಠದಲ್ಲಿ ಕಲಿತದ್ದರಿಂದ ಅವರು ‘ನಾನು ನಾಳೆ ಬರುತ್ತೇನೆ, ನೀವು ಎಲ್ಲಿಗೆ ಹೋಗುತ್ತೀರಿ’ ಎಂದು ಅಕ್ಷರ ಬಿಡದೆ ಮಾತನಾಡುತ್ತಾರೆ. ಅದನ್ನು ಕೇಳಿ ‘ಪುಸ್ತಕದ ಕನ್ನಡ’ ಎಂದು ನಗುವವರು ಘಟ್ಟದ ಮೇಲಿನವರು. ಹಳ್ಳಿಯ ಮಾತು ಬರಹದಲ್ಲಿ ಬಂದರೆ ಸೊಗಸಿಲ್ಲ, ಬರಹದ ಮಾತು ಬಾಯಲ್ಲಿ ಬಂದರೂ ಸೊಗಸಿಲ್ಲ ಎಂದಾದರೆ, ಕೊರತೆ ಇರುವುದು ಮಾತಿನಲ್ಲೋ ಅಥವಾ ಮಾತಿಗೂ ಜಾಗಕ್ಕೂ ನಡುವಿನ ಹೊಂದಿಕೆಯಲ್ಲೋ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಕೆಲವು ಕಾಲದ ಹಿಂದೆ ಒಂದು ಸಂಘದ ಸ್ಮರಣ ಸಂಚಿಕೆಯ ಕರಡನ್ನು ನಾವು ಕೆಲವರು ಕೂಡಿ ನೋಡುತ್ತಿದ್ದೆವು. ಕುಂದಾಪುರದ ಕಡೆಯ ಒಬ್ಬ ಹೆಂಗಸು, ವರ್ಷಗಟ್ಟಲೆ ಉಪನಗರದಲ್ಲಿ ಮನೆ ನಡೆಸಿದವರು, ತಮ್ಮ ತವರಿನ ‘ಹೊಸ್ತು’ ಹಬ್ಬದ ಬಗ್ಗೆ ಬರೆದಿದ್ದರು. ‘ಅಜ್ಜಿ ಬೆಳ್ಳಂಬೆಳಗ್ಗೆ ಮಿಂದು, ಗದ್ದೆಯ ಕದಿರು ಮನೆಯೊಳಗೆ ಬರುವ ದಾರಿಯನ್ನು ಸಾರಿಸಿ ಕಾಯುತ್ತಿದ್ದರು’ ಎಂಬುದು ಅದರ ಒಂದು ವಾಕ್ಯ. ಹಿರಿಯರಾದ ಒಬ್ಬ ನಿವೃತ್ತ ಮಾಸ್ತರರು ‘ಮಿಂದು’ ಎಂಬುದಕ್ಕೆ ಸುತ್ತುಹಾಕಿ ‘ಗ್ರಾಮ್ಯ, ಸ್ನಾನ ಮಾಡಿ’ ಎಂದು ಬರೆದಿದ್ದರು. ‘ಕದಿರು’ ಹೋಗಿ ‘ಭತ್ತದ ತೆನೆ’ ಬಂದಿತ್ತು. ಬರೆದಾಕೆಯನ್ನು ಕರೆದು, ‘ಅಕ್ಕಾ, ಇಷ್ಟು ತಿದ್ದಿದರೆ ಅಡ್ಡಿಯಿಲ್ಲವಲ್ಲ’ ಎಂದು ಅವರು ಕೇಳಿದರು. ಆಕೆ ಹಾಳೆಯನ್ನು ಓದಿ, ‘ಸ್ನಾನ ನೀವ್ ಮಾಡಿ ಮಾಸ್ತ್ರೆ, ನಮ್ಮಜ್ಜಿ ಮಿಂದದ್ದೇ ಸೈ’ ಎಂದರು. ಮಾಸ್ತರರು ಸಜ್ಜನರು, ನಕ್ಕು, ಆ ವಾಕ್ಯವನ್ನು ಹಾಗೆಯೇ ಉಳಿಸಿದರು.

‘ಮೀಯು’ ಹಳಗನ್ನಡ ಕಾವ್ಯದಲ್ಲೂ ವಚನಗಳಲ್ಲೂ ಇರುವ ಕ್ರಿಯಾಪದ. ‘ಕದಿರು’ ಹಳಗನ್ನಡದಲ್ಲಿ ಸೂರ್ಯನ ಕಿರಣ. ಕುಂದಾಪುರದ ಗದ್ದೆಯಲ್ಲಿ ಅದು ಬಂಗಾರದ ಬಣ್ಣಕ್ಕೆ ತಿರುಗಿದ ಭತ್ತದ ತೆನೆ. ಆ ಭಾಗದವರು ‘ಹೋಪುದು, ಬಪ್ಪುದು’ ಎನ್ನುವಾಗ ಕೇಳಿಸುವ ಪಕಾರ ಹಳಗನ್ನಡದ ‘ಪೋಪ, ಬರ್ಪ’ಗಳಲ್ಲಿದ್ದದ್ದೇ. ಬೇರೆಡೆಯ ಕನ್ನಡ ಕಳೆದುಕೊಂಡದ್ದನ್ನು ಒಂದು ಮೂಲೆಯ ಕನ್ನಡ ಕಾಪಾಡಿಕೊಂಡು ಬಂದದ್ದಕ್ಕೆ ನಾವು ಕೊಟ್ಟ ಬಿರುದು ‘ಗ್ರಾಮ್ಯ’. ಉತ್ತರ ಕರ್ನಾಟಕದವರ ‘ಉಂಡೇನ್ರಿ’ಯದೂ ಇದೇ ಪಾಡು. ‘ಉಣ್ಣು’ ಎಂಬ ಬಲವಾದ ಕ್ರಿಯಾಪದವನ್ನು ಬಿಟ್ಟು ‘ಊಟ ಮಾಡು’ ಎಂಬ ಬಳಸುದಾರಿಯನ್ನು ಹಿಡಿದವರು, ಉಣ್ಣುವವರನ್ನು ಒರಟರು ಎನ್ನುತ್ತಾರೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಸೊಲ್ಲಾಪುರದಲ್ಲಿ ಪಾಠ ಹೇಳಿದ, ಮನೆಮಾತು ಮರಾಠಿಯಾಗಿದ್ದ ದ. ರಾ. ಬೇಂದ್ರೆಯವರು ಧಾರವಾಡದ ಆಡುಮಾತಿನಲ್ಲೇ ಕನ್ನಡದ ಅತ್ಯಂತ ನಾಜೂಕಾದ ಕವಿತೆಗಳನ್ನು ಬರೆದ ಮೇಲೂ, ಬಾಂದ್ರಾದ ಕಡಲ ಬದಿಯ ಮನೆಯಲ್ಲಿ ಕುಳಿತ ಯಶವಂತ ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯನ್ನು ಆಧುನಿಕ ಕಥೆಯ ನಡುಮನೆಗೆ ತಂದ ಮೇಲೂ ಈ ವಾದವನ್ನು ಮತ್ತೆ ಮಾಡಬೇಕಾಗಿ ಬಂದಿರುವುದು ನೋವಿನ ಸಂಗತಿ.

ಅದೇ ಸಂಚಿಕೆಯ ಮೊದಲ ಪುಟದಲ್ಲಿ ಒಂದು ಪ್ರಕಟಣೆಯಿತ್ತು. ‘ಸದರಿ ಕಾರ್ಯಕ್ರಮದ ಯಶಸ್ವಿ ಆಯೋಜನೆಯ ಹಿನ್ನೆಲೆಯಲ್ಲಿ ಸರ್ವ ಸದಸ್ಯರ ಉಪಸ್ಥಿತಿಯು ಅತ್ಯಂತ ಅವಶ್ಯಕವಾಗಿರುವುದರಿಂದ ಸಕಾಲದಲ್ಲಿ ತಮ್ಮ ಹಾಜರಾತಿಯನ್ನು ಖಚಿತಪಡಿಸುವುದರ ಮೂಲಕ ಸಹಕರಿಸತಕ್ಕದ್ದು.’ ಇದರ ಮೇಲೆ ಯಾರ ಕೆಂಪು ಶಾಯಿಯೂ ಬಿದ್ದಿರಲಿಲ್ಲ. ನನ್ನ ಮಟ್ಟಿಗೆ ಆ ಸಂಚಿಕೆಯಲ್ಲೆಲ್ಲ ಸೊಗಸುಗೆಟ್ಟ ವಾಕ್ಯ ಇದೇ. ಇದರಲ್ಲಿ ಅರಬಿ ಮೂಲದ ‘ಸದರಿ’ ಇದೆ, ‘ಹಾಜರು’ ಇದೆ, ಸಂಸ್ಕೃತದ ‘ಉಪಸ್ಥಿತಿ’ ಇದೆ. ಆ ಪದಗಳಲ್ಲಿ ಯಾವುದರ ಮೇಲೂ ನನ್ನ ದೂರಿಲ್ಲ. ಉಪಸ್ಥಿತಿ ಎಂದು ಒಮ್ಮೆ ಹೇಳಿದ್ದನ್ನೇ ಹಾಜರಾತಿ ಎಂದು ಮತ್ತೆ ಹೇಳಿದೆ, ‘ಬನ್ನಿ’ ಎಂಬ ಒಂದು ಕ್ರಿಯಾಪದ ಮಾಡಬಹುದಾದ ಕೆಲಸವನ್ನು ಭಾರದ ನಾಮಪದಗಳ ಮೇಲೆ ಹೇರಿದೆ, ಕರೆಯುವವರು ಯಾರು, ಬರಬೇಕಾದವರು ಯಾರು ಎಂಬುದು ಕಾಣದ ಹಾಗೆ ಮುಚ್ಚಿದೆ, ಮತ್ತು ಇಷ್ಟೆಲ್ಲ ಸುತ್ತಾಡಿ ಕೊನೆಗೆ ‘ತಕ್ಕದ್ದು’ ಎಂದು ಗದರಿಸುತ್ತದೆ. ‘ಎಲ್ಲ ಸದಸ್ಯರೂ ಹೊತ್ತಿಗೆ ಸರಿಯಾಗಿ ಬರಬೇಕೆಂದು ಕೇಳಿಕೊಳ್ಳುತ್ತೇವೆ’ ಎಂದರೆ ಮುಗಿಯುತ್ತಿತ್ತು. ಆದರೆ ಇದನ್ನು ಗ್ರಾಮ್ಯ ಎನ್ನಲು ಬರುವುದಿಲ್ಲ, ಏಕೆಂದರೆ ಇದರಲ್ಲಿ ಹಳ್ಳಿಯಿಲ್ಲ. ಸೊಗಸುಗೇಡಿಗೆ ನಮ್ಮ ಬಳಿ ಇರುವ ಅಧಿಕೃತ ಹೆಸರು ಹಳ್ಳಿಗೆ ಮಾತ್ರ ಹೊಂದುವಂಥದ್ದಾ‌ದ್ದರಿಂದ, ಕಚೇರಿಯಲ್ಲಿ ಹುಟ್ಟಿದ ಸೊಗಸುಗೇಡು ಹೆಸರಿಲ್ಲದೆ ಪಾರಾಗುತ್ತದೆ. ಹೆಸರಿಲ್ಲದ್ದನ್ನು ತಿದ್ದುವುದು ಕಷ್ಟ.

ಕನ್ನಡದಲ್ಲಿ ಸೊಗಸಿಗೆ ಇರುವ ಒಳ್ಳೊಳ್ಳೆಯ ಮಾತುಗಳು ಎಲ್ಲಿಂದ ಬಂದವು ಎಂಬುದನ್ನಾದರೂ ಈ ತಿದ್ದುಗಾರರು ನೋಡಬೇಕು. ಬರಹ ‘ಅಚ್ಚುಕಟ್ಟಾಗಿದೆ’ ಎನ್ನುತ್ತೇವೆ; ಅಚ್ಚುಕಟ್ಟು ಎಂಬುದು ಕೆರೆಯ ಕೆಳಗೆ ನೀರುಣ್ಣುವ ಗದ್ದೆಗಳ ಹರವಿಗೂ ಹೆಸರು. ಮಾತು ‘ಹದವಾಗಿದೆ’ ಎನ್ನುತ್ತೇವೆ. ಹದ ಎಂಬುದು ಬಿತ್ತನೆಗೆ ತಕ್ಕ ನೆಲದ ತೇವ, ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಸ್ಥಿತಿ. ಬದುಕು ‘ಹಸನಾಗಲಿ’ ಎಂದು ಹರಸುತ್ತೇವೆ. ಹೊಲವನ್ನು ಹಸನು ಮಾಡುವುದೂ ಕಾಳನ್ನು ಹಸನು ಮಾಡುವುದೂ ರೈತರ ದಿನದ ಕೆಲಸ. ‘ಅಚ್ಚುಕಟ್ಟಿಲ್ಲ’ ಎಂದು ಯಾರನ್ನಾದರೂ ತಿದ್ದುವಾಗ ನಾವು ಹಳ್ಳಿಯ ಅಳತೆಗೋಲನ್ನೇ ಹಿಡಿದಿರುತ್ತೇವೆ.

ಸೊಗಸುಗೇಡನ್ನು ಹೇಳುವುದಕ್ಕೂ ಮನುಷ್ಯರನ್ನು ಎಳೆದುತರದ ಮಾತುಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೆಣಿಗೆ ಸಡಿಲವಾದ ಬರಹ ‘ಜಾಳು’. ಒಂದರೊಳಗೊಂದು ಸಿಕ್ಕಿಕೊಂಡ ವಾಕ್ಯ ‘ಗೋಜಲು’. ಜೀವವಿಲ್ಲದ ವರ್ಣನೆ ‘ಪೇಲವ’. ನಯಗೊಳಿಸದೆ ಬಿಟ್ಟದ್ದು ‘ಒಡ್ಡೊಡ್ಡು’. ಇವು ಬಟ್ಟೆಯ ಮೇಲೂ ಮರದ ಮೇಲೂ ಮಾತಿನ ಮೇಲೂ ಸಲ್ಲುತ್ತವೆ, ಮತ್ತು ಎಲ್ಲಿ ಏನು ಕೆಟ್ಟಿದೆ ಎಂಬುದನ್ನು ತೋರಿಸುತ್ತವೆ. ಜಾಳಾದದ್ದನ್ನು ಬಿಗಿಮಾಡಬಹುದು, ಗೋಜಲನ್ನು ಬಿಡಿಸಬಹುದು. ‘ಗ್ರಾಮ್ಯ’ ಎಂದು ಬರೆಸಿಕೊಂಡವರು ಏನು ಮಾಡಬೇಕು? ಬೇರೆ ಊರಿನಲ್ಲಿ ಹುಟ್ಟಿ ಬರಲಾದೀತೇ?

ನಮ್ಮ ಮಂಡಳಿಯಲ್ಲಿ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಅಂಚಿನಲ್ಲಿ ‘ಗ್ರಾಮ್ಯ’ ಎಂದು ಬರೆಯುವಂತಿಲ್ಲ. ಯಾವ ಪದವನ್ನು ಬದಲಿಸಬೇಕೆನ್ನಿಸಿತೋ ಅದರ ಎದುರು ಕಾರಣ ಬರೆಯಬೇಕು: ಈ ಪದ ಬೇರೆ ಸೀಮೆಯವರಿಗೆ ತಿಳಿಯದು, ಅಥವಾ ಹಿಂದಿನ ವಾಕ್ಯದ ಧಾಟಿಗೆ ಇದು ಕೂಡುವುದಿಲ್ಲ, ಅಥವಾ ಬರೆದವರು ಇಲ್ಲಿ ಅವಸರಪಟ್ಟಿದ್ದಾರೆ ಎಂದು. ತಿಳಿಯದು ಎಂಬ ಕಾರಣಕ್ಕೆ ಪದವನ್ನು ತೆಗೆಯುವುದಿಲ್ಲ, ಸಾಲು ಬೆಳೆಸಿ ಅರ್ಥ ತಿಳಿಯುವ ಹಾಗೆ ಮಾಡಿ ಎಂದು ಬರೆದವರನ್ನೇ ಕೇಳುತ್ತೇವೆ. ಇದರಿಂದ ಕೆಲಸ ನಿಧಾನವಾಗಿದೆ. ಕಾರಣ ಬರೆಯಲು ಕುಳಿತಾಗ ಎಷ್ಟೋ ಸುತ್ತುಗಳನ್ನು ಹಾಕಿದವರೇ ಅಳಿಸಿಬಿಡುತ್ತಾರೆ, ಮತ್ತು ಕೆಂಪು ಶಾಯಿ ಈಗ ಮೊದಲ ಪುಟದ ಪ್ರಕಟಣೆಗಳ ಮೇಲೂ ಬೀಳತೊಡಗಿದೆ.